ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೋ ಹೈಸ್ಕೂಲ್: ಮಗಳನ್ನ ಒಂಬತ್ತಕ್ಕೆ ಸೇರಿಸೋದಾ ಬೇಡ್ವಾ?

ಜರ್ಸಿಸಿಟಿ_ಅಪ್ಪ

ಎಲ್ಲರಿಗೂ ನಮಸ್ಕಾರ. ನಾವು ಈಗ ನ್ಯೂಜರ್ಸಿಯ ಜರ್ಸಿ ಸಿಟಿಲಿ ಅಪಾರ್ಟ್‌ಮೆಂಟ್‌ನಲ್ಲಿ ಇದೀವಿ. ಮಗಳು ಸೆಪ್ಟೆಂಬರ್‌ಗೆ ಒಂಬತ್ತನೇ ಗ್ರೇಡ್, ಮಗ ಐದನೇದು. ವೆಸ್ಟ್ ವಿಂಡ್ಸರ್ ಇಲ್ಲಾ ಪ್ಲೇನ್ಸ್‌ಬರೋ ಕಡೆ ಮನೆ ನೋಡ್ತಿದೀವಿ, ಪ್ರಿನ್ಸ್‌ಟನ್ ಜಂಕ್ಷನ್‌ನಿಂದ ನಂಗೆ ನ್ಯೂಯಾರ್ಕ್‌ಗೆ ಟ್ರೈನ್ ಸಿಗತ್ತೆ ಅನ್ನೋದು ಒಂದು, ಸ್ಕೂಲ್ ಚೆನ್ನಾಗಿದೆ ಅಂತ ಕೇಳಿದೋರೆಲ್ಲ ಹೇಳ್ತಾರೆ ಅನ್ನೋದು ಇನ್ನೊಂದು. ಆದ್ರೆ ಮೊನ್ನೆ ಆಫೀಸಲ್ಲಿ ಒಬ್ರು "ಅಲ್ಲಿ ಮಕ್ಕಳ ಮೇಲೆ ವಿಪರೀತ ಪ್ರೆಶರ್, 2015ರಲ್ಲಿ ದೊಡ್ಡ ಗಲಾಟೆನೇ ಆಗಿತ್ತು" ಅಂದ್ರು, ಅವತ್ತಿಂದ ನನ್ನ ಹೆಂಡತಿಗೆ ನಿದ್ದೆ ಇಲ್ಲ. ಮಗಳು ಓದೋದ್ರಲ್ಲಿ ಚೆನ್ನಾಗೇ ಇದಾಳೆ ಆದ್ರೆ ತುಂಬಾ ಮನಸ್ಸಿಗೆ ಹಚ್ಕೊಳೋ ಹುಡುಗಿ, ಒಂದು ಕ್ವಿಜ್ ಕೆಟ್ರೆ ಎರಡು ದಿನ ಸಪ್ಪಗೆ ಇರ್ತಾಳೆ. ಅಲ್ಲೇ ಇರೋರು ಯಾರಾದ್ರೂ ಮುಚ್ಚುಮರೆ ಇಲ್ದೆ ಹೇಳಿ ಪ್ಲೀಸ್.

ಪ್ಲೇನ್ಸ್‌ಬರೋ_ಹಳಬ

ಅವರು ಹೇಳಿದ್ದು ನಿಜ, ಆದ್ರೆ ಅರ್ಧ ಹೇಳಿದಾರೆ. ಪೂರ್ತಿ ಬರೀತೀನಿ, ಸ್ವಲ್ಪ ಉದ್ದ ಆಗತ್ತೆ.

ವೆಸ್ಟ್ ವಿಂಡ್ಸರ್ ಮರ್ಸರ್ ಕೌಂಟಿಲಿದೆ, ಪ್ಲೇನ್ಸ್‌ಬರೋ ಮಿಡಲ್‌ಸೆಕ್ಸ್ ಕೌಂಟಿಲಿದೆ, ಎರಡೂ ಊರಿಗೆ ಸೇರಿ ಒಂದೇ ಸ್ಕೂಲ್ ಡಿಸ್ಟ್ರಿಕ್ಟ್. ಹೈಸ್ಕೂಲ್ ಎರಡು, ಸೌತ್ 1973ರಲ್ಲಿ ಶುರುವಾಗಿದ್ದು, ನಾರ್ತ್ 1997ರಲ್ಲಿ. ಯಾವ್ದು ಸಿಗತ್ತೆ ಅನ್ನೋದು ಮನೆ ಅಡ್ರೆಸ್ ಮೇಲೆ ಹೋಗತ್ತೆ, ಹಾಗಾಗಿ ಮನೆ ನೋಡೋವಾಗ್ಲೇ ಡಿಸ್ಟ್ರಿಕ್ಟ್ ಆಫೀಸ್‌ಗೆ ಫೋನ್ ಮಾಡಿ ಆ ಅಡ್ರೆಸ್ ಹೇಳಿ ಕೇಳಿ, ರಿಯಲ್ಟರ್ ಮಾತೊಂದನ್ನೇ ನಂಬ್ಕೊಂಡು ಆಫರ್ ಹಾಕ್ಬೇಡಿ.

ಈಗ 2015. ಡಿಸ್ಟ್ರಿಕ್ಟಿನ ಮುಖ್ಯಸ್ಥರು, ಅಂದ್ರೆ ಸೂಪರಿಂಟೆಂಡೆಂಟ್, ಡೇವಿಡ್ ಆಡರ್‌ಹೋಲ್ಡ್ ಪೇರೆಂಟ್ಸ್‌ಗೆಲ್ಲ 16 ಪುಟದ ಒಂದು ಕಾಗದ ಬರೆದ್ರು. ಹಿಂದಿನ ಒಂದೇ ವರ್ಷದಲ್ಲಿ ಮಿಡಲ್ ಸ್ಕೂಲ್ ಹೈಸ್ಕೂಲ್ ಸೇರಿ 120 ಮಕ್ಕಳನ್ನ ಮಾನಸಿಕ ಆರೋಗ್ಯದ ತಪಾಸಣೆಗೆ ಕಳಿಸಬೇಕಾಗಿ ಬಂತು, ಅದ್ರಲ್ಲಿ 40 ಮಕ್ಕಳನ್ನ ಆಸ್ಪತ್ರೆಗೆ ಸೇರಿಸಬೇಕಾಯ್ತು ಅಂತ ಅದರಲ್ಲಿತ್ತು. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಮಕ್ಕಳು ಒಬ್ಬರ ಹಿಂದೆ ಒಬ್ಬರು ಜೀವ ಕಳ್ಕೊಂಡ ಸುದ್ದಿ ಆಗಷ್ಟೇ ಎಲ್ಲರಿಗೂ ಗೊತ್ತಾಗಿತ್ತು, ನಮ್ಮಲ್ಲಿ ಹಾಗಾಗೋಕೆ ಬಿಡಬಾರ್ದು ಅನ್ನೋದು ಅವರ ಮಾತು. ಹೈಸ್ಕೂಲಿನ ಮಿಡ್‌ಟರ್ಮ್, ಫೈನಲ್ ಪರೀಕ್ಷೆ ತೆಗೆದ್ರು, ಹೋಮ್‌ವರ್ಕ್ ಇಲ್ಲದ ರಾತ್ರಿಗಳು ಅಂತ ಮಾಡಿದ್ರು, 4-5ನೇ ಗ್ರೇಡಿನ ಆಕ್ಸೆಲರೇಟೆಡ್ ಮ್ಯಾತ್ಸ್ ಪ್ರೋಗ್ರಾಂ ನಿಲ್ಲಿಸಿದ್ರು. ಆ ಮ್ಯಾತ್ಸ್ ಕ್ಲಾಸಲ್ಲಿ ನೂರಕ್ಕೆ ತೊಂಬತ್ತು ಏಷ್ಯನ್ ಮಕ್ಕಳೇ ಇದ್ರು, ಅಂದ್ರೆ ನಮ್ಮೋರು, ಚೈನೀಸು, ಕೊರಿಯನ್ನು.

ಅಷ್ಟೇ ಸಾಕಾಯ್ತು. ಬೋರ್ಡ್ ಮೀಟಿಂಗಲ್ಲಿ ಊರು ಎರಡು ಹೋಳು. ನ್ಯೂಯಾರ್ಕ್ ಟೈಮ್ಸ್ ಅದೇ ಡಿಸೆಂಬರ್‌ನಲ್ಲಿ ಬರೆದಾಗ ಇದನ್ನ ಬಿಳಿಯರು ಒಂದು ಕಡೆ ಏಷ್ಯನ್ನರು ಒಂದು ಕಡೆ ಅನ್ನೋ ಥರಾನೇ ತೋರಿಸ್ತು. ಪೂರ್ತಿ ಹಾಗಿರಲಿಲ್ಲ ಕಣ್ರೀ. ಆ ಬದಲಾವಣೆ ಬೇಕು ಅಂತ ಮನಸಲ್ಲೇ ಅಂದ್ಕೊಂಡ ನಮ್ಮ ಕನ್ನಡದೋರು, ತೆಲುಗಿನೋರು ಎಷ್ಟೋ ಜನ ಇದ್ರು, ಎದ್ದು ನಿಂತು ಮೈಕ್ ಹಿಡಿಯೋಕೆ ಹಿಂಜರಿದ್ರು ಅಷ್ಟೆ.

ಕುಡ್ಲ_ಟು_ರೂಟ್1

ನಾನು ಆ ಇನ್ನೊಂದು ಹೋಳಿನವ ಮಾರಾಯ್ರೆ, ನಮ್ಮ ಮಾತೂ ಒಮ್ಮೆ ಕೇಳಿ. ನನ್ನ ಮಗನಿಗೆ ಮ್ಯಾತ್ಸ್ ಅಂದ್ರೆ ಜೀವ. ನಾವು ತಳ್ಳಿದ್ದಲ್ಲ, ಅವ ನಾಲ್ಕನೇ ಕ್ಲಾಸಲ್ಲಿ ಭಿನ್ನರಾಶಿ ಎಲ್ಲ ಮುಗಿಸಿ ಬೋರ್ ಆಗ್ತದೆ ಅಂತ ಕೂತಲ್ಲಿ ಕೂರ್ತಿರಲಿಲ್ಲ. ಅಂಥ ಮಕ್ಕಳಿಗೆ ಇದ್ದ ಒಂದು ಕ್ಲಾಸನ್ನು ತೆಗೆದು ಹಾಕಿ, ಉಳಿದವರಿಗೆ ಟೆನ್ಶನ್ ಆಗ್ತದೆ ಅಂದ್ರೆ ಯಾವ ನ್ಯಾಯ? ಫುಟ್‌ಬಾಲಲ್ಲಿ ಚೆನ್ನಾಗಿ ಓಡುವ ಹುಡುಗನಿಗೆ ಯಾರಾದ್ರೂ ನಿಧಾನ ಓಡು ಅಂತ ಹೇಳ್ತಾರಾ? ನಾವು ಬಂದದ್ದು ಎರಡು ಸೂಟ್‌ಕೇಸ್ ಹಿಡ್ಕೊಂಡು. ನನ್ನ ಅಪ್ಪ ಬೀಡಿ ಕಂಪೆನಿಯ ಲೆಕ್ಕ ಬರೀತಿದ್ದವ್ರು, ಓದು ಒಂದು ಇಲ್ಲದಿದ್ದರೆ ನಾನು ಇವತ್ತು ಎಲ್ಲಿ ಇರ್ತಿದ್ದೆ ಅಂತ ನಂಗೆ ಚೆನ್ನಾಗಿ ಗೊತ್ತುಂಟು. ಇಲ್ಲಿ ನಮಗೆ ಅಜ್ಜನ ಕಾಲದ ಕಾಂಟ್ಯಾಕ್ಟ್ ಇಲ್ಲ, ಕಾಲೇಜಲ್ಲಿ ಅಪ್ಪ ಓದಿದ್ದ ಅನ್ನುವ ಲೆಗಸಿ ಇಲ್ಲ. ಮಕ್ಕಳ ಮಾರ್ಕ್ ಮಾತ್ರ ಉಂಟು. ಅದನ್ನೂ ತಪ್ಪು ಅಂದ್ರೆ ಬೇಸರ ಆಗ್ತದೆ.

ಧಾರವಾಡದಾಕಿ

ಕುಡ್ಲ ಅವರ, ನಿಮ್ಮ ಮಗಾ ಶಾಣ್ಯಾ ಅದಾನ, ಅವಗ ಮ್ಯಾತ್ಸ್ ಪ್ರೀತಿ ಐತಿ, ಅದರಾಗ ಏನೂ ತಪ್ಪಿಲ್ಲ. ಆದ್ರ ಆ ಕ್ಲಾಸಿನ್ಯಾಗ ಇದ್ದ ಎಲ್ಲಾ ಹುಡುಗರೂ ಪ್ರೀತಿಗೆ ಕುಂತಿದ್ರೇನ್ರಿ? ಎರಡನೇ ಗ್ರೇಡಿನಿಂದ ಶನಿವಾರ ಐತವಾರ ಟ್ಯೂಷನ್ ಹಾಕಿ, ಆ ಒಂದು ಪ್ಲೇಸ್‌ಮೆಂಟ್ ಟೆಸ್ಟ್ ಪಾಸ್ ಮಾಡಸಲಿಕ್ಕೆ ಅಂತನ ತಯಾರ ಮಾಡಿದ ಹುಡುಗರು ಎಷ್ಟು ಮಂದಿ ಇದ್ರು ಅನ್ನೋದು ನಮಗ ನಿಮಗ ಇಬ್ಬರಿಗೂ ಗೊತ್ತದ. ಸಾಲ್ಯಾಗ ಪಾಠ ಶುರು ಆಗೂದರಾಗ ಅರ್ಧಾ ಕ್ಲಾಸಿಗೆ ಅದು ಮೊದಲ ಬಂದಿರತದ, ಉಳಿದ ಹುಡುಗರು ತಾವು ದಡ್ಡರು ಅಂತ ತಿಳಕೋತಾವ. ಟ್ಯೂಷನ್ನಿಗೆ ರೊಕ್ಕ ಇಲ್ಲದ ಮನಿ ಹುಡುಗರೂ ಇಲ್ಲಿ ಅದಾವ್ರಿ, ಪ್ಲೇನ್ಸ್‌ಬರೋದಾಗ ಬಾಡಿಗಿ ಅಪಾರ್ಟ್‌ಮೆಂಟ್ ಎಷ್ಟವ ನೋಡ್ರಿ. ಎಲ್ಲಾರೂ ನಾಲ್ಕು ಬೆಡ್‌ರೂಮಿನ ಮನ್ಯಾಗ ಇಲ್ಲ.

ಆ ವರ್ಷ ಒಬ್ಬ ಸ್ಟೂಡೆಂಟ್ ಸರ್ವೇದಾಗ ಬರದಿದ್ದು ಪೇಪರಿನ್ಯಾಗೂ ಬಂದಿತ್ತು, ಹನ್ನೆರಡು ವರ್ಷ ಇಲ್ಲಿ ಓದಿ ನಾ ಕಲತದ್ದು ಒಂದ, ಗ್ರೇಡು ಪರ್ಸೆಂಟು ಪಾಯಿಂಟು ಅನ್ನೂದು ಉಳಿದ ಎಲ್ಲಾದಕ್ಕಿಂತ ದೊಡ್ಡದು ಅನ್ನೂ ಅರ್ಥದ್ದು. ನಾ ಅದನ್ನ ಓದಿ ಅಡಗಿ ಮನ್ಯಾಗ ನಿಂತು ಅತ್ತೇನಿ. 40 ಹುಡುಗರು ದವಾಖಾನಿಗೆ ಹೋದ್ರು ಅಂದ ಮ್ಯಾಲೆ ಮತ್ತ ಏನ್ ವಾದಾ ಮಾಡೋದ್ರಿ?

ಹಳೆ_ಕ್ಲಾರಿನೆಟ್

ನಾನು ಇದೇ ಸೆಂಟ್ರಲ್ ಜರ್ಸಿಯ ಒಂದು ಹೈಸ್ಕೂಲಲ್ಲಿ ಓದಿದ್ದು (ಹೆಸರು ಬೇಡ), ಈಗ ಕೆಲಸದಲ್ಲಿದೀನಿ. ಕನ್ನಡ ಟೈಪ್ ಮಾಡೋದು ಅಜ್ಜಿ ಜೊತೆ ವಾಟ್ಸಾಪಿಂದ ಕಲ್ತಿದ್ದು. ಮಕ್ಕಳ ಕಡೆಯಿಂದ ಒಂದ್ಸಲ ಹೇಳ್ಬೇಕು ಅನ್ನಿಸ್ತು.

ಪ್ರೆಶರ್ ಅಂದ್ರೆ ಅಪ್ಪ ಅಮ್ಮ ಬೈಯೋದು ಅಂತ ದೊಡ್ಡೋರು ಅಂದ್ಕೊಂಡಿದಾರೆ. ನಮ್ಮ ಮನೇಲಿ ಯಾವತ್ತೂ ಬೈದಿಲ್ಲ. ಅದು ಹೇಗಿರತ್ತೆ ಹೇಳ್ತೀನಿ. ಗ್ರೇಡ್ ಎಲ್ಲ ಆನ್‌ಲೈನ್ ಪೋರ್ಟಲ್‌ಗೆ ಬರತ್ತೆ, ಟೀಚರ್ ಹಾಕಿದ ತಕ್ಷಣ ಪೇರೆಂಟ್ ಫೋನಲ್ಲೂ ಟಣ್ ಅನ್ನತ್ತೆ. ಕೆಮಿಸ್ಟ್ರಿ ಟೆಸ್ಟ್ ಗ್ರೇಡ್ ಲಂಚ್ ಹೊತ್ತಿಗೆ ಬಂತು ಅಂದ್ರೆ ನಾನು ನೋಡೋ ಮುಂಚೆ ಅಮ್ಮ ನೋಡಿರ್ತಿದ್ರು. ಸಂಜೆ ಬಾಗಿಲು ತೆಗೆದಾಗ ಅವರು ಏನೂ ಕೇಳ್ತಿರಲಿಲ್ಲ, "ಹಾಲು ಕುಡೀತೀಯಾ" ಅಂತ ಮಾತ್ರ ಕೇಳೋರು, ಆದ್ರೆ ಆ ದನಿ ಕೇಳಿದ್ರೆ ಗೊತ್ತಾಗ್ತಿತ್ತು 89.4 ಬಂದಿದೆ ಅಂತ, 89.5 ಅಲ್ಲ, ಎ ಮೈನಸ್‌ಗೆ ರೌಂಡ್ ಆಗಲ್ಲ. ಲಂಚ್ ಟೇಬಲ್‌ನಲ್ಲಿ ಎಂಟು ಜನ ಕೂತ್ರೆ ಏಳು ಜನ ಇಂಡಿಯನ್ಸ್, ಎಲ್ಲರೂ ಅದೇ ಎಪಿ (ಹೈಸ್ಕೂಲಲ್ಲೇ ಕಾಲೇಜ್ ಮಟ್ಟದ) ಕ್ಲಾಸ್‌ಗಳು, ಎಲ್ಲರ ಅಮ್ಮಂದಿರೂ ಒಂದೇ ವಾಟ್ಸಾಪ್ ಗ್ರೂಪಲ್ಲಿ. ಸೀನಿಯರ್ ಇಯರಲ್ಲಿ (ಹನ್ನೆರಡನೇ ಗ್ರೇಡ್) ನವೆಂಬರ್ 1ಕ್ಕೆ ಕಾಲೇಜಿನ ಅರ್ಲಿ ಅಪ್ಲಿಕೇಶನ್ ಡೆಡ್‌ಲೈನ್ ಬಂದಾಗ ಯಾರು ಎಲ್ಲಿಗೆ ಅಪ್ಲೈ ಮಾಡಿದಾರೆ ಅಂತ ಯಾರೂ ಯಾರಿಗೂ ಹೇಳ್ತಿರಲಿಲ್ಲ, ಕಿಂಡರ್‌ಗಾರ್ಟನ್‌ನಿಂದ ಜೊತೆಗಿದ್ದ ಫ್ರೆಂಡ್ಸೂ ಹೇಳ್ತಿರಲಿಲ್ಲ, ಯಾಕಂದ್ರೆ ನಮ್ಮ ಸ್ಕೂಲಿಂದ ಇಷ್ಟೇ ಜನರನ್ನ ತಗೋತಾರೆ ಅಂತ ಎಲ್ಲರ ತಲೇಲೂ ಇತ್ತು. ನಂಗೆ ಅತಿ ನೋವಾಗಿದ್ದು ಅದು.

ನನ್ನ ಕಾಪಾಡಿದ್ದು ಮಾರ್ಚಿಂಗ್ ಬ್ಯಾಂಡ್. ಆಗಸ್ಟ್‌ನಲ್ಲಿ ಸ್ಕೂಲ್ ಶುರುವಾಗೋ ಮುಂಚೆನೇ ಬ್ಯಾಂಡ್ ಕ್ಯಾಂಪ್, ಪಾರ್ಕಿಂಗ್ ಲಾಟ್ ಡಾಂಬರಿನ ಮೇಲೆ ಯಾರ್ಡ್ ಲೈನ್ ಬಿಳಿ ಪೇಂಟಲ್ಲಿ ಎಳೆದಿರ್ತಾರೆ, ಬಿಸಿಲಿಗೆ ಶೂ ಅಡಿ ಮೆತ್ತಗಾಗತ್ತೆ, ಕ್ಲಾರಿನೆಟ್ ಬೆವರಿಗೆ ಜಾರತ್ತೆ, ಎಂಟು ಹೆಜ್ಜೆಗೆ ಐದು ಯಾರ್ಡ್ ಸರಿಯಾಗಿ ಬೀಳೋ ತನಕ ಮತ್ತೆ ಮತ್ತೆ. ಅಲ್ಲಿ ಟ್ರಂಪೆಟ್ ಹುಡುಗ, ಡ್ರಮ್‌ಲೈನ್ ಹುಡುಗಿ, ಸ್ಪೆಷಲ್ ಎಜುಕೇಶನ್ ಕ್ಲಾಸಿನ ಹುಡುಗ ಎಲ್ಲರೂ ಒಂದೇ ಸಾಲು, ಯಾರ ಜಿಪಿಎ ಎಷ್ಟು ಅಂತ ಯಾರಿಗೂ ಗೊತ್ತಿಲ್ಲ. ಅಂಕಲ್, ನಿಮ್ಮ ಮಗಳಿಗೆ ಅಂಥದ್ದೊಂದು ಜಾಗ ಇರ್ಲಿ, ಯಾವ್ದಾದ್ರೂ ಸರಿ. ಕಾಲೇಜ್ ಅಪ್ಲಿಕೇಶನ್‌ಗೆ ಅಂತ ಸೇರಿಸಬೇಡಿ, ಅದು ಮಕ್ಕಳಿಗೆ ಗೊತ್ತಾಗಿಬಿಡತ್ತೆ.

ಜರ್ಸಿಸಿಟಿ_ಅಪ್ಪ

ಓದಿ ಮನಸ್ಸು ಭಾರ ಆಯ್ತು ಪುಟ್ಟ. ಪೋರ್ಟಲ್ ವಿಷಯ ನನ್ನ ಹೆಂಡತಿಗೂ ಓದಿ ಹೇಳ್ದೆ. ಮಗಳು ವಯಲಿನ್ ನುಡಿಸ್ತಾಳೆ, ಆರ್ಕೆಸ್ಟ್ರಾ ಇದೆಯಲ್ಲ ಅಲ್ಲಿ?

ಪ್ಲೇನ್ಸ್‌ಬರೋ_ಹಳಬ

ಇದೆ, ಬಹಳ ಚೆನ್ನಾಗಿದೆ. 2015ರ ಆ ಬದಲಾವಣೆಗಳಲ್ಲಿ ಸಂಗೀತದ್ದೂ ಒಂದಿತ್ತು, ತಕ್ಷಣ ಚೆನ್ನಾಗಿ ನುಡಿಸೋಕೆ ಬರದ ಮಕ್ಕಳಿಗೂ ಕಲಿಯೋಕೆ ಜಾಗ ಇರಬೇಕು, ಅಪಸ್ವರ ಹೊರಡಿಸೋ ಹಕ್ಕು ಮಕ್ಕಳಿಗಿದೆ ಅಂತ. ನಂಗೆ ಆ 16 ಪುಟದ ವಿಷಯದಲ್ಲೆಲ್ಲ ಇಷ್ಟ ಆಗಿದ್ದು ಅದೇ.

ಬ್ಯಾಂಡ್ ಮಾತು ಬಂತಲ್ಲ, ಫುಟ್‌ಬಾಲ್ ಕಥೆ ಹೇಳ್ಬೇಕು. 2017ರಲ್ಲಿ ನಾರ್ತ್‌ಗೆ ವಾರ್ಸಿಟಿ (ಸ್ಕೂಲಿನ ಮುಖ್ಯ ಟೀಮ್) ಅಮೆರಿಕನ್ ಫುಟ್‌ಬಾಲ್ ಆಡೋಕೆ ಸಾಕಷ್ಟು ಹುಡುಗರೇ ಸಿಗ್ಲಿಲ್ಲ. ಹೆಚ್ಚು ಕಡಿಮೆ ಸಾವಿರದೈನೂರು ಮಕ್ಕಳಿರೋ ಸ್ಕೂಲು! ಸೌತ್ ಜೊತೆ ಸೇರಿ ಒಂದು ಟೀಮ್ ಮಾಡ್ತೀವಿ ಅಂತ ಕೇಳಿದ್ರೆ ಇಷ್ಟು ದೊಡ್ಡ ಸ್ಕೂಲ್‌ಗಳಿಗೆ ಕೊಡೋಕಾಗಲ್ಲ ಅಂತ ರಾಜ್ಯದ ಅಥ್ಲೆಟಿಕ್ ಅಸೋಸಿಯೇಶನ್ ಒಪ್ಪಲಿಲ್ಲ, ಆ ವರ್ಷ ನಾರ್ತ್ ವಾರ್ಸಿಟಿ ಆಡಲೇ ಇಲ್ಲ. ತಲೆಗೆ ಪೆಟ್ಟು ಬೀಳತ್ತೆ ಅನ್ನೋ ಭಯ ದೇಶದಲ್ಲೆಲ್ಲ ಇದೆ, ಅದೊಂದು ಕಾರಣ. ನಮ್ಮಂಥ ಮನೆಗಳಲ್ಲಿ ಆ ಆಟ ಗೊತ್ತೇ ಇಲ್ಲ, ಅದು ಇನ್ನೊಂದು. ಫುಟ್‌ಬಾಲ್ ಹೋದ್ರೆ ನಮಗೇನು ಅಂತ ನಮ್ಮೋರು ಅಂದಿದ್ದು ಕೇಳಿದೀನಿ. ಶುಕ್ರವಾರ ರಾತ್ರಿ ಆಟ ಇಲ್ಲ ಅಂದ್ರೆ ಬ್ಯಾಂಡ್ ಯಾರಿಗೆ ನುಡಿಸ್ಬೇಕು, ಹೋಮ್‌ಕಮಿಂಗ್‌ಗೆ ಹಳೆ ಸ್ಟೂಡೆಂಟ್ಸ್ ಎಲ್ಲಿಗೆ ಬರಬೇಕು? ಊರಿನ ಬೇರೆ ಬೇರೆ ಜನ ಒಂದೇ ಬೆಂಚ್ ಮೇಲೆ ಕೂರೋ ಜಾಗ ಅದು. ನಮ್ಮ ಕಡೆ ಜಾತ್ರೇಲಿ ತೇರು ಎಳೆಯೋಕೆ ಜನ ಬರದೆ ಹೋದ್ರೆ ಹೇಗೋ ಹಾಗೆ ಅನ್ನಿಸಿತ್ತು ನಂಗೆ.

ಕುಡ್ಲ_ಟು_ರೂಟ್1

ಇದು ಒಪ್ಪುವ ಮಾತು. ನಾವು ಮರ್ಸರ್ ಕೌಂಟಿ ಪಾರ್ಕಲ್ಲಿ ವಾರ ವಾರ ಕ್ರಿಕೆಟ್ ಆಡ್ತೇವೆ, ಸ್ಕೂಲಿನ ಆಟಕ್ಕೆ ಹೋಗುದು ಕಡಿಮೆ.

ಧಾರವಾಡದಾಕಿಯವರೆ, ನೀವು ಹೇಳಿದ ಟ್ಯೂಷನ್ ವಿಷಯ ಇದೆಯಲ್ಲ, ಅದು ಸರಿಯೇ. ಆದ್ರೆ ಕ್ಲಾಸ್ ತೆಗೆದ ಮೇಲೆ ಟ್ಯೂಷನ್ ನಿಂತಿತಾ? ಇಲ್ಲ. ರೂಟ್ 1 ಹೈವೇ ಉದ್ದಕ್ಕೂ ಒಂದೊಂದು ಸ್ಟ್ರಿಪ್ ಮಾಲಲ್ಲೂ ಮ್ಯಾತ್ಸ್ ಸೆಂಟರ್ ಉಂಟು, ಮೊದಲಿಗಿಂತ ಜಾಸ್ತಿಯೇ ಆಗಿದೆ. ಸ್ಕೂಲು ಕೊಡದಿದ್ದರೆ ದುಡ್ಡಿದ್ದವ ಹೊರಗೆ ಕೊಂಡ್ಕೊಳ್ತಾನೆ, ದುಡ್ಡಿಲ್ಲದ ಶಾಣ್ಯ ಮಗು ಎಲ್ಲಿಗೆ ಹೋಗ್ಬೇಕು? ಅದು ನನ್ನ ಪ್ರಶ್ನೆ, ಅದಕ್ಕೆ ಯಾರೂ ಸರಿಯಾಗಿ ಉತ್ತರ ಕೊಡ್ಲಿಲ್ಲ.

ಧಾರವಾಡದಾಕಿ

ಈ ಪ್ರಶ್ನೆ ಖರೇ ಐತ್ರಿ. ಇದಕ್ಕ ನನ್ನ ಹತ್ರನೂ ಉತ್ತರ ಇಲ್ಲ. ಆದ್ರ ಇದನ್ನ ನೀವು ಬೋರ್ಡ್ ಮೀಟಿಂಗಿನ್ಯಾಗ ಕೇಳ್ರಿ, ನಾನೂ ನಿಮ್ಮ ಬಾಜೂ ಬಂದು ಕುಂದರತೇನಿ.

ಸಬ್_ಟೀಚರ್_ಅಮ್ಮ

ಬೋರ್ಡ್ ವಿಷಯ ಬಂದಿದ್ದಕ್ಕೆ ಬರೀತಿದೀನಿ, ಹೊಸದಾಗಿ ಮನೆ ತಗೊಳೋರಿಗೆ ಇದು ಗೊತ್ತಿರಲ್ಲ. ಇಲ್ಲಿ ಗವರ್ನ್‌ಮೆಂಟ್ ಸ್ಕೂಲ್ ಅಂದ್ರೆ ಸರ್ಕಾರ ಎಲ್ಲೋ ದೂರದಲ್ಲಿ ಕೂತು ನಡೆಸೋದಲ್ಲ. ನಿಮ್ಮ ಪ್ರಾಪರ್ಟಿ ಟ್ಯಾಕ್ಸ್‌ನ ದೊಡ್ಡ ಪಾಲು ನೇರ ಸ್ಕೂಲ್‌ಗೇ ಹೋಗತ್ತೆ. ನ್ಯೂಜರ್ಸಿ ಪ್ರಾಪರ್ಟಿ ಟ್ಯಾಕ್ಸ್ ದೇಶದಲ್ಲೇ ಅತಿ ಹೆಚ್ಚಿನದ್ರಲ್ಲಿ ಒಂದು, ರಾಜ್ಯದ ಸರಾಸರಿನೇ ವರ್ಷಕ್ಕೆ 10,000 ಡಾಲರ್ ಹತ್ತಿರ, ಈ ಊರುಗಳಲ್ಲಿ ಅದಕ್ಕಿಂತ ಜಾಸ್ತಿ. ಮನೆ ಬೆಲೆ ಜೊತೆ ಅದನ್ನೂ ಲೆಕ್ಕ ಹಾಕ್ಕೊಳಿ. ವರ್ಷಕ್ಕೆ 2 ಪರ್ಸೆಂಟ್‌ಗಿಂತ ಜಾಸ್ತಿ ಆ ಟ್ಯಾಕ್ಸ್ ವಸೂಲಿ ಏರಿಸಬಾರ್ದು ಅಂತ ರಾಜ್ಯದ ಕಾನೂನಿದೆ, ಕೆಲವು ವಿನಾಯಿತಿ ಬಿಟ್ಟು. ಸಂಬಳ, ಹೆಲ್ತ್ ಇನ್ಶೂರೆನ್ಸ್, ಬಸ್ಸು ಎಲ್ಲ ಅದಕ್ಕಿಂತ ವೇಗವಾಗಿ ಏರತ್ತೆ, ಹಾಗಾದಾಗ ಕತ್ತರಿ ಬೀಳೋದು ಲೈಬ್ರರಿಗೆ, ಆರ್ಟ್‌ಗೆ, ಕೌನ್ಸೆಲರ್‌ಗೆ.

ಅದನ್ನ ತೀರ್ಮಾನ ಮಾಡೋದು ಊರಿನೋರೇ ಆರಿಸಿದ ಬೋರ್ಡ್. ಅವರಿಗೆ ಸಂಬಳ ಇಲ್ಲ, ಮೂರು ವರ್ಷದ ಅವಧಿ. ಓಟು ಹಾಕೋಕೆ ಸಿಟಿಜನ್ ಆಗಿರಬೇಕು, ಆದ್ರೆ ಮೀಟಿಂಗಲ್ಲಿ ಮಾತಾಡೋಕೆ ಬೇಕಿಲ್ಲ. ಎಚ್1ಬಿ ಕೆಲಸದ ವೀಸಾದಲ್ಲಿ ಇದ್ರೂ ಮೈಕ್ ಹತ್ರ ಹೋಗಿ ಊರಿನ ಹೆಸರು ಹೇಳಿ ನಿಮ್ಮ ಮಾತು ಹೇಳ್ಬೋದು. ನಾನು ಈ ಕಡೆಯ ಸ್ಕೂಲ್‌ಗಳಲ್ಲಿ ಸಬ್‌ಸ್ಟಿಟ್ಯೂಟ್ ಟೀಚರ್ ಆಗಿ ಹೋಗ್ತೀನಿ. ಬಜೆಟ್ ಮೀಟಿಂಗ್‌ಗೆ ಖಾಲಿ ಕುರ್ಚಿ, ಎಪಿ ಸೆಲೆಕ್ಷನ್ ಮೀಟಿಂಗ್‌ಗೆ ನಿಲ್ಲೋಕೆ ಜಾಗ ಇಲ್ಲ. ಇದು ಬದಲಾಗಬೇಕು ಅಂತ ನಂಗೆ ತುಂಬಾ ಅನ್ಸತ್ತೆ. ಕಸ ಗುಡಿಸೋ ಕಸ್ಟೋಡಿಯನ್ ಹೆಸರು, ಬಸ್ ಡ್ರೈವರ್ ಹೆಸರು ಮಕ್ಕಳಿಗೆ ಗೊತ್ತಿರತ್ತೆ, ಪೇರೆಂಟ್ಸ್‌ಗೆ ರ‍್ಯಾಂಕಿಂಗ್ ವೆಬ್‌ಸೈಟಿನ ನಂಬರ್ ಮಾತ್ರ ಗೊತ್ತಿರತ್ತೆ.

ಮಗಳ ವಿಷಯ: ಆತಂಕ ಜಾಸ್ತಿ ಆಗಿ ದಿನದ ಕೆಲಸಕ್ಕೇ ತೊಂದ್ರೆ ಆಗ್ತಿದ್ರೆ 504 ಪ್ಲಾನ್ ಅಂತ ಇದೆ, 1973ರ ಫೆಡರಲ್ ಕಾನೂನಿನ ಸೆಕ್ಷನ್ 504ರ ಪ್ರಕಾರ. ಟೆಸ್ಟ್‌ಗೆ ಹೆಚ್ಚು ಟೈಮ್, ಬೇರೆ ರೂಮು, ಬ್ರೇಕ್ ತಗೊಳೋ ಅವಕಾಶ ಇಂಥದ್ದು ಬರಹದಲ್ಲಿ ಮಾಡಿಕೊಡ್ತಾರೆ. ನಮ್ಮೋರು "ಲೇಬಲ್ ಬೀಳತ್ತೆ" ಅಂತ ಕೇಳೋದೇ ಇಲ್ಲ. ಕಾಲೇಜ್‌ಗೆ ಕಳಿಸೋ ಟ್ರಾನ್ಸ್‌ಕ್ರಿಪ್ಟಲ್ಲಿ ಅದು ಬರೋದಿಲ್ಲ. ಇನ್ನು ಯಾವ ಮನೇಲಾದ್ರೂ ಮಗು ಬದುಕೋದೇ ಬೇಡ ಅನ್ನೋ ಥರ ಮಾತಾಡಿದ್ರೆ, ಅದನ್ನ ನಾಟಕ ಅನ್ಕೋಬೇಡಿ, 988 ಸಹಾಯವಾಣಿಗೆ ಫೋನ್ ಮಾಡಿ, ಮೆಸೇಜೂ ಮಾಡ್ಬೋದು, ಹಗಲು ರಾತ್ರಿ ಇರ್ತಾರೆ.

ಎಚ್4_ಮನೆ

ನಾನು ಯಾವತ್ತೂ ಇಲ್ಲಿ ಬರೆಯಲ್ಲ, ಬರೀ ಓದ್ತೀನಿ. ನಮ್ಮ ಮಗ ಈಗ ಜೂನಿಯರ್, ಅಂದ್ರೆ ಹನ್ನೊಂದನೇ ಗ್ರೇಡ್. ಮೂರು ವರ್ಷದೋನು ಇದ್ದಾಗ ಬಂದ, ಸ್ಕೂಲೆಲ್ಲ ಇಲ್ಲೇ. ಪ್ರೆಶರ್ ಅಂದ್ರೆ ನಮ್ಮ ಮನೇಲಿ ಬೇರೆನೇ. ಅವನ ಫ್ರೆಂಡ್ಸೆಲ್ಲ ಸಮ್ಮರ್‌ಗೆ ಪೂಲಲ್ಲಿ ಲೈಫ್‌ಗಾರ್ಡ್ ಕೆಲಸ, ಐಸ್‌ಕ್ರೀಮ್ ಅಂಗಡಿ ಕೆಲಸ ಅಂತ ಹೋಗ್ತಾರೆ, ಇವನು ಹೋಗೋ ಹಾಗಿಲ್ಲ, ಎಚ್4 (ಎಚ್1ಬಿಯೋರ ಕುಟುಂಬದ ವೀಸಾ) ಮಕ್ಕಳು ದುಡಿಯೋ ಹಾಗಿಲ್ಲ. "ನಂಗೆ ಇಂಟರೆಸ್ಟ್ ಇಲ್ಲ" ಅಂತ ಅವರಿಗೆ ಹೇಳಿದಾನೆ. ಕಾಲೇಜ್‌ಗೆ ಫೆಡರಲ್ ಏಡ್ ಇಲ್ಲ. 21 ತುಂಬೋ ಹೊತ್ತಿಗೆ ಗ್ರೀನ್ ಕಾರ್ಡ್ ಬರ್ಲಿಲ್ಲ ಅಂದ್ರೆ ನಮ್ಮ ಡಿಪೆಂಡೆಂಟ್ ಆಗಿ ಉಳಿಯೋ ಹಾಗಿಲ್ಲ, ಎಫ್1 ಸ್ಟೂಡೆಂಟ್ ವೀಸಾ ತಗೋಬೇಕು ಇಲ್ಲಾ ವಾಪಸ್ ಹೋಗ್ಬೇಕು. ಇಂಡಿಯಾದೋರ ಸಾಲು ಎಷ್ಟು ಉದ್ದ ಅಂತ ನಿಮಗೆಲ್ಲ ಗೊತ್ತು. ಈ ಮಕ್ಕಳು ಕ್ಲಾಸಲ್ಲಿ ಎಲ್ಲರ ಥರಾನೇ ನಗ್ತಾ ಇರ್ತಾರೆ, ಕೌನ್ಸೆಲರ್‌ಗೂ ಎಷ್ಟೋ ಸಲ ಗೊತ್ತಿರಲ್ಲ. ಇಂಥ ಮಕ್ಕಳೂ ಆ ಬಿಲ್ಡಿಂಗ್ ಒಳಗೆ ಇದಾರೆ ಅಂತ ಹೇಳೋಣ ಅನ್ನಿಸ್ತು.

ಸಬ್_ಟೀಚರ್_ಅಮ್ಮ

ನೀವು ಬರೆದಿದ್ದು ಬಹಳ ಒಳ್ಳೇದಾಯ್ತು. ಕೌನ್ಸೆಲರ್‌ಗೆ ಖಂಡಿತ ಹೇಳಿ, ಸೋಫೋಮೋರ್ (ಹತ್ತನೇ ಗ್ರೇಡ್), ಜೂನಿಯರ್ ಇಯರಲ್ಲೇ ಹೇಳಿದ್ರೆ ಯಾವ ಕಾಲೇಜು ಇಂಥ ಮಕ್ಕಳನ್ನ ಅಪ್ಲಿಕೇಶನ್‌ನಲ್ಲಿ ಯಾವ ಲೆಕ್ಕಕ್ಕೆ ತಗೊಳತ್ತೆ, ಯಾವ ಸ್ಕಾಲರ್‌ಶಿಪ್‌ಗೆ ವೀಸಾ ಅಡ್ಡ ಬರಲ್ಲ ಅಂತ ಹುಡುಕೋಕೆ ಟೈಮ್ ಸಿಗತ್ತೆ. ನಮ್ಮೂರಲ್ಲೇ ಮರ್ಸರ್ ಕೌಂಟಿ ಕಮ್ಯುನಿಟಿ ಕಾಲೇಜ್ ಇದೆ, ವೆಸ್ಟ್ ವಿಂಡ್ಸರ್ ಒಳಗೇ. ಎರಡು ವರ್ಷ ಅಲ್ಲಿ ಓದಿ ಆಮೇಲೆ ರಟ್ಗರ್ಸ್ ಯೂನಿವರ್ಸಿಟಿಯಂಥ ಕಡೆ ಟ್ರಾನ್ಸ್‌ಫರ್ ಆದ ಎಷ್ಟು ಮಕ್ಕಳನ್ನ ನೋಡಿಲ್ಲ! ಅಲ್ಲಿಗೆ ಹೋದ್ರೆ ಮರ್ಯಾದೆ ಕಡಿಮೆ ಅಂತ ನಮ್ಮೋರ ಪಾರ್ಟಿಗಳಲ್ಲಿ ಪಿಸುಗುಟ್ಟೋದನ್ನ ಕೇಳಿದ್ರೆ ಹೊಟ್ಟೆ ಉರಿಯತ್ತೆ.

ಹಳೆ_ಕ್ಲಾರಿನೆಟ್

ಇನ್ನೊಂದು ಮರೆತಿದ್ದೆ. ಹೈಸ್ಕೂಲ್ ಮುಗಿಸೋವಾಗ ಸೀಲ್ ಆಫ್ ಬೈಲಿಟರಸಿ ಅಂತ ಕೊಡ್ತಾರೆ, ಎರಡು ಭಾಷೆ ಓದೋಕೆ ಬರೆಯೋಕೆ ಮಾತಾಡೋಕೆ ಬಂದ್ರೆ. ನ್ಯೂಜರ್ಸಿಯಲ್ಲಿ 2016ರಲ್ಲಿ ಕಾನೂನಾಯ್ತು. ಸ್ಪ್ಯಾನಿಷ್ ಫ್ರೆಂಚೇ ಆಗಬೇಕು ಅಂತಿಲ್ಲ, ಕನ್ನಡದಲ್ಲೂ ಟೆಸ್ಟ್ ತಗೋಬೋದು. ಕೌನ್ಸೆಲರ್ ಹತ್ರ ಮುಂಚೆನೇ ಕೇಳಿಡಬೇಕು. ನನ್ನ ತಂಗಿಗೆ ಇಲ್ಲಿನ ಕನ್ನಡ ಸಂಘ ಬೃಂದಾವನದೋರ ಕಾರ್ಯಕ್ರಮಕ್ಕೆ ಹೋಗೋದು ಅಂದ್ರೆ ಸಾಕಾಗಿತ್ತು, ಈ ಟೆಸ್ಟ್‌ಗೆ ಅಂತ ಅಜ್ಜಿ ಜೊತೆ ಕೂತು ಒತ್ತಕ್ಷರ ಬರೆದ್ಲು, ಈಗ ಅಜ್ಜಿಗೆ ಅವಳೇ ಕಾಗದ ಬರೀತಾಳೆ.

ಜರ್ಸಿಸಿಟಿ_ಅಪ್ಪ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಮಗಳನ್ನೂ ಕೂರಿಸ್ಕೊಂಡು ಇದನ್ನೆಲ್ಲ ಓದಿದ್ವಿ. ಅವಳು ಕೇಳಿದ್ದು ಎರಡೇ. ಆರ್ಕೆಸ್ಟ್ರಾಗೆ ಆಡಿಷನ್ ಯಾವಾಗ? ಪೋರ್ಟಲ್ ಪಾಸ್‌ವರ್ಡ್ ನೀವು ಇಟ್ಕೊಳಲ್ಲ ಅಂತ ಮಾತು ಕೊಡ್ತೀರಾ? ಮಾತು ಕೊಟ್ಟಿದೀವಿ, ಕ್ವಾರ್ಟರ್ ಮುಗಿದಾಗ ರಿಪೋರ್ಟ್ ಕಾರ್ಡ್ ಅವಳೇ ತೋರಿಸ್ತಾಳೆ. ಪ್ಲೇನ್ಸ್‌ಬರೋದಲ್ಲಿ ಒಂದು ಟೌನ್‌ಹೌಸ್ ಬಾಡಿಗೆಗೆ ನೋಡಿದೀವಿ, ಒಂದು ವರ್ಷ ಇದ್ದು ನೋಡಿ ಆಮೇಲೆ ಕೊಳ್ಳೋದು ಅಂತ. ಸೇರಿಸೋಕೆ ಏನೇನು ಪೇಪರ್ ಬೇಕು? ನಮ್ಮದು ಇನ್ನೂ ಎಚ್1ಬಿನೇ.

ಸಬ್_ಟೀಚರ್_ಅಮ್ಮ

ಬಾಡಿಗೆ ಒಳ್ಳೆ ಯೋಚನೆ. ಲೀಸ್ ಅಗ್ರಿಮೆಂಟ್, ಒಂದೆರಡು ಯುಟಿಲಿಟಿ ಬಿಲ್ಲು ನಿಮ್ಮ ಹೆಸರಲ್ಲಿ, ಮಗಳ ಬರ್ತ್ ಸರ್ಟಿಫಿಕೇಟು, ಇಮ್ಯುನೈಸೇಶನ್ ರೆಕಾರ್ಡು, ಈಗಿನ ಸ್ಕೂಲಿನ ಟ್ರಾನ್ಸ್‌ಕ್ರಿಪ್ಟು. ವೀಸಾ ಪೇಪರ್ ಕೇಳೋ ಹಾಗಿಲ್ಲ, ಇಮಿಗ್ರೇಶನ್ ಸ್ಟೇಟಸ್ ನೋಡಿ ಮಗುನ ಪಬ್ಲಿಕ್ ಸ್ಕೂಲಿಂದ ಹೊರಗಿಡಬಾರ್ದು ಅಂತ 1982ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಲೀಸ್ ಕೈಗೆ ಬಂದ ವಾರವೇ ರಿಜಿಸ್ಟರ್ ಮಾಡ್ಸಿ, ಆಗಸ್ಟ್ ತನಕ ಕಾದ್ರೆ ಕೌನ್ಸೆಲರ್ ಹತ್ರ ಟೈಮ್ ಸಿಗಲ್ಲ, ಒಳ್ಳೆ ಎಲೆಕ್ಟಿವ್‌ಗಳೆಲ್ಲ ತುಂಬಿ ಹೋಗಿರತ್ತೆ. ಆರ್ಕೆಸ್ಟ್ರಾ ವಿಷಯಕ್ಕೆ ಸ್ಕೂಲ್ ಆಫೀಸಿಂದ ಡೈರೆಕ್ಟರ್ ಇಮೇಲ್ ತಗೊಂಡು ಮಗಳ ಕೈಲೇ ಬರೆಸಿ.

ಧಾರವಾಡದಾಕಿ

ಮತ್ತ ಸಾಮಾನು ಇಳಸಲಿಕ್ಕೆ ಮಂದಿ ಬೇಕಾದ್ರ ಹೇಳ್ರಿ, ನಮ್ಮ ಹುಡುಗರಿಬ್ಬರು ಖಾಲಿ ಅದಾರ. ಮೊದಲ ದಿನದ ಊಟ ನಮ್ಮ ಮನ್ಯಾಗ, ರೊಟ್ಟಿ ಎಣ್ಣಿಗಾಯಿ. ಕುಡ್ಲ ಅವರ, ನೀವೂ ಬರ್ರಿ, ಬೋರ್ಡ್ ಮೀಟಿಂಗಿನ ತಾರೀಖು ಅವತ್ತ ನೋಡೋಣು.